ಕೊಟ್ಟೆಯಿಂದ ದೋಟಿಗೆ: ಹಿರಿಯರೂ ಕಲಿತ ಕಥೆ



‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ನಮ್ಮಲ್ಲಿ ಗಾದೆಯುಂಟು. ಊರಿಗೆ ಹೊಸ ಉಪಕರಣ ಬಂದಾಗಲೆಲ್ಲ ಮನೆಯ ಹಿರಿಯರು, “ನಮ್ಮ ಕಾಲ ಆಯ್ತಪ್ಪ, ಇನ್ನು ಹುಡುಗರು ನೋಡ್ಕೊಳ್ಳಲಿ” ಎಂದು ಜಗಲಿಗೆ ಸರಿಯುವುದುಂಟು. ಆದರೆ ಕೊನೆ ತೆಗೆಯುವವನು ಅಡಿಕೆಮರದ ತುದಿಯಲ್ಲಿ ಜೀಕಿ ಪಕ್ಕದ ಮರ ಹಿಡಿಯುವುದನ್ನು ನೀವು ಕಂಡಿದ್ದೀರಿ. ಬಲಿತ ಮರವೂ ಬಗ್ಗುತ್ತದೆ, ನೋಡಿ! ಮಲೆನಾಡಿನ ಅಡಿಕೆ ತೋಟದ ಚರಿತ್ರೆಯೂ ಇದನ್ನೇ ಹೇಳುತ್ತದೆ.

ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗ ನಿಮಗೆ ಗೊತ್ತೇ ಇದೆ. ಜಡಿಮಳೆ ಬಿಡದೆ ಹಿಡಿದರೆ ಎಳೆಯ ಕಾಯಿ ಕೊಳೆತು ಬುಡಕ್ಕೆ ಉದುರುತ್ತದೆ. ಇದಕ್ಕೆ ನಮ್ಮ ಹಿಂದಿನವರು ಕಂಡುಕೊಂಡ ಉಪಾಯ ಕೊಟ್ಟೆ ಕಟ್ಟುವುದು. ಕರಡವನ್ನೋ ಅಡಿಕೆ ಹಾಳೆಯನ್ನೋ ಕೊಡೆಯ ಹಾಗೆ ಹೆಣೆದು, ಮಳೆ ಹಿಡಿಯುವ ಮುಂಚೆ ಪ್ರತಿಯೊಂದು ಕೊನೆಗೂ ಕಟ್ಟುತ್ತಿದ್ದರು. ಒಳ್ಳೆಯ ಉಪಾಯವೇ; ಆದರೆ ಶ್ರಮ ಬಹಳ.

1908ರಲ್ಲಿ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದವರೂ ಇವರೇ. ಕೊಳೆರೋಗಕ್ಕೆ ಬೂಷ್ಟನ್ನು ಹೋಲುವ ಫೈಟಾಫ್ತೊರಾ ಎಂಬ ಜೀವಿಯೇ ಕಾರಣವೆಂದು ಅವರು 1910ರಲ್ಲಿ ವರದಿ ಮಾಡಿ, ಬೋರ್ಡೋ ದ್ರಾವಣದ ಸಿಂಪರಣೆಯನ್ನು ಸೂಚಿಸಿದರು. ಈ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ. ದಾರಿಹೋಕರು ಹಣ್ಣು ಕೀಳದಿರಲೆಂದು ಅಲ್ಲಿಯ ರೈತರು ಬಳ್ಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಎರಚಿದ ಬಳ್ಳಿಗೆ ರೋಗ ಕಡಿಮೆಯೆಂಬುದನ್ನು ಮಿಲಾರ್ದೆ ಎಂಬ ವಿದ್ವಾಂಸರು ಗಮನಿಸಿ 1885ರಲ್ಲಿ ಪ್ರಕಟಿಸಿದರು.

ಮಲೆನಾಡಿನವರು ಒಂದೇ ವರ್ಷದಲ್ಲಿ ಕೊಟ್ಟೆ ಬಿಟ್ಟು ಪಂಪು ಹಿಡಿಯಲಿಲ್ಲ. ಎರಡೂ ಬಹುಕಾಲ ಜೊತೆಜೊತೆಗೇ ನಡೆದವು. ಆದರೆ ಒಂದು ಮಾತು ಯೋಚಿಸಿ. ಆಗ ತೋಟದ ಯಜಮಾನಿಕೆ ಇದ್ದದ್ದು ಹಿರಿಯರ ಕೈಯಲ್ಲಿ. ಅವರು ಒಪ್ಪದೆ ಹೊಸ ಔಷಧಿ ತೋಟದ ಬೇಲಿ ದಾಟುವಂತಿರಲಿಲ್ಲ. ಹಾಗಾದರೆ ಅದನ್ನು ಒಳಗೆ ಕರೆದವರು ಯಾರು? ಆ ಹಿರಿಯರೇ ಅಲ್ಲವೇ?

ಒಪ್ಪಲು ಕಾರಣವೂ ಉಂಟು. ಔಷಧಿ ಹೊಸದಾದರೂ ಅದರ ಹದ ಹಳೆಯದು. ಕೊಟ್ಟೆಯನ್ನು ಮಳೆಗೆ ಮುಂಚೆಯೇ ಕಟ್ಟಬೇಕು; ದ್ರಾವಣವನ್ನೂ ಮಳೆಗೆ ಮುಂಚೆಯೇ ಹೊಡೆಯಬೇಕು, 40-45 ದಿನಗಳ ಮೇಲೆ ಮತ್ತೊಮ್ಮೆ ಹೊಡೆಯಬೇಕು. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ, 1 ಕಿಲೋ ಒಳ್ಳೆಯ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯತಕ್ಕದ್ದು. ಕಬ್ಬಿಣದ ಪಾತ್ರೆ ಕೂಡದು. ಹದ ನೋಡಲು ಹೊಳೆಯುವ ಕಬ್ಬಿಣದ ಚೂರಿಯನ್ನು ಅದ್ದಿ ತೆಗೆಯಿರಿ. ಚೂರಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಬೇಕು. ಈ ಪರೀಕ್ಷೆಗೆ ಅಕ್ಷರ ಬೇಡ, ಎಳೆಯ ಪ್ರಾಯವೂ ಬೇಡ. ಕಣ್ಣು ಕೈ ಸಾಕು.

ಮುಂದೆ ಪ್ಲಾಸ್ಟಿಕ್ ಹಾಳೆ ಬಂತು, ಕೊಟ್ಟೆಯೂ ಪ್ಲಾಸ್ಟಿಕ್ಕಿನದಾಯಿತು. ಹೊಸ ಸಾಮಾನಿನಲ್ಲಿ ಹಳೆಯ ಬುದ್ಧಿ! ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತು ಔಷಧಿ ಹೊಡೆಯಬಹುದು, ಕೊನೆ ಇಳಿಸಬಹುದು. ಮರ ಹತ್ತುವವರು ಕಡಿಮೆಯಾಗಿರುವ ಈ ಕಾಲದಲ್ಲಿ, ಮೊಣಕಾಲು ಸೋತವರಿಗೇ ಇದರ ಉಪಕಾರ ಹೆಚ್ಚು. ಪ್ರಾಯದ ಹಟಕ್ಕೆ ಮರ ಹತ್ತಿ ಬೀಳುವುದಕ್ಕಿಂತ ದೋಟಿ ಹಿಡಿಯುವುದನ್ನು ಕಲಿಯುವುದು ಮೇಲಲ್ಲವೇ?

ಆದರೆ ಎಚ್ಚರಿಕೆ! ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ಅಲ್ಯೂಮಿನಿಯಂ ದೋಟಿಯಲ್ಲಿಯೂ ಹಾಗೆಯೇ. ದೋಟಿ ವಿದ್ಯುತ್ ತಂತಿಗೆ ತಾಗಿದರೆ ಪ್ರಾಣವೇ ಹೋದೀತು. ತೋಟದಲ್ಲಿ ತಂತಿ ಎಲ್ಲಿ ಹಾದಿದೆ, ಯಾವ ಮರದ ಸೋಗೆಯ ಮರೆಯಲ್ಲಿದೆ ಎಂಬುದನ್ನು ಬಲ್ಲವರು ಹಿರಿಯರು. ದೋಟಿ ಎತ್ತುವ ಮುಂಚೆ ಹುಡುಗರನ್ನು ಕರೆದು ಅದನ್ನು ತೋರಿಸಿಕೊಡಿ. ನೀವು ಜಗಲಿಗೆ ಸರಿದರೆ ಆ ತಿಳಿವಳಿಕೆಯೂ ಜಗಲಿಯಲ್ಲೇ ಉಳಿಯುತ್ತದೆ.

ಸಿಂಪರಣೆಗೆ ಹೊಳವು ನೋಡಬೇಕಲ್ಲ? ಮೊಬೈಲಿನ ಮೇಘದೂತ ಆ್ಯಪ್ 2019ರಿಂದ ಹವಾಮಾನದ ಮುನ್ಸೂಚನೆ ಕೊಡುತ್ತಿದೆ. ಸಣ್ಣ ಅಕ್ಷರ ಕಾಣದವರು 1800-180-1551ಕ್ಕೆ ಕರೆಮಾಡಿ ಕನ್ನಡದಲ್ಲೇ ಸಲಹೆ ಕೇಳಬಹುದು. 2004ರಲ್ಲಿ ಆರಂಭವಾದ ಈ ಕಿಸಾನ್ ಕಾಲ್ ಸೆಂಟರಿಗೆ ದುಡ್ಡು ಕೊಡಬೇಕಿಲ್ಲ. ಮೊಮ್ಮಗಳಿಂದ ಒಂದು ಸಲ ಹೇಳಿಸಿಕೊಳ್ಳಿ, ಎರಡನೆಯ ಸಲ ನೀವೇ ಒತ್ತಿ.

ಹೊಸದನ್ನು ಕಂಡ ಕೂಡಲೇ ನಂಬುವುದೂ ಬೇಡ, ದೂರ ತಳ್ಳುವುದೂ ಬೇಡ. ಮೊದಲು ತೋಟದ ಒಂದು ಸಾಲಿನಲ್ಲಿ ಮಾಡಿ ನೋಡಿ. ಪಕ್ಕದ ಸಾಲನ್ನು ಹಳೆಯ ರೀತಿಯಲ್ಲೇ ಬಿಡಿ. ಮಳೆಗಾಲ ಕಳೆದ ಮೇಲೆ ಎರಡರ ಬುಡದಲ್ಲಿಯೂ ಉದುರಿದ ಕಾಯಿ ಎಣಿಸಿ. ಯಾವುದು ಮೇಲೆಂದು ಹೇಳಬೇಕಾದವರು ನಲವತ್ತು ಮಳೆಗಾಲ ಕಂಡ ನೀವೇ.