ಅರವತ್ತನಾಲ್ಕರಲ್ಲಿ ಅರವತ್ತೈದನೆಯದು

ಒಟ್ಟು 64 ಕಾರ್ಡುಗಳ ಕಂತಿನಲ್ಲಿ 65ನೆಯ ಕಾರ್ಡು ಎಲ್ಲಿಂದ ಬಂತು? ಪೊಕೆಮಾನ್ ಕಾರ್ಡಾಟದ ‘ನಿಯೋ ರೆವಲೇಶನ್’ ಎಂಬ ಕಂತು 2001ರಲ್ಲಿ ಇಂಗ್ಲಿಷಿನಲ್ಲಿ ಬಂದಾಗ ಅದರ ಒಂದು ಕಾರ್ಡಿನ ಮೇಲೆ ‘65/64’ ಎಂದು ಅಚ್ಚಾಗಿತ್ತು. ಅದು ಮುದ್ರಣದೋಷವಲ್ಲ, ಲೆಕ್ಕಕ್ಕೆ ಸೇರದ ಅಪರೂಪದ ವಸ್ತುವಿದು ಎಂದು ಸಾರುವ ವ್ಯಾಪಾರದ ಜಾಣ್ಮೆ. ಕಾರ್ಡಿನ ಹೆಸರು ‘ಶೈನಿಂಗ್ ಗ್ಯಾರಡಾಸ್’. ನೀರಿನ ವರ್ಗಕ್ಕೆ ಸೇರಿದರೂ ಮೈಬಣ್ಣ ಮಾತ್ರ ಕೆಂಪು.

ಈ ಜೀವಿಯ ಬೇರು ಚೀನಾದ ಹಳೆಯ ಕಥೆಯೊಂದರಲ್ಲಿದೆ. ಹಳದಿ ನದಿಯ ಸೆಳವಿಗೆ ಎದುರಾಗಿ ಈಜಿ, ‘ಡ್ರ್ಯಾಗನ್ ಬಾಗಿಲ’ನ್ನು ಹಾರಿ ದಾಟಿದ ಗೆಂಡೆಮೀನು ಡ್ರ್ಯಾಗನ್ ಆಗುತ್ತದೆಂಬುದು ಅಲ್ಲಿನ ನಂಬಿಕೆ. ಅರಸರ ಕಾಲದಲ್ಲಿ ಸರ್ಕಾರಿ ಪರೀಕ್ಷೆ ಗೆದ್ದ ಬಡ ವಿದ್ಯಾರ್ಥಿಯನ್ನು ಈ ಮೀನಿಗೆ ಹೋಲಿಸುತ್ತಿದ್ದರು. ಕಥೆ ಜಪಾನಿಗೂ ದಾಟಿತು. ಮೇ 5ರ ಮಕ್ಕಳ ಹಬ್ಬಕ್ಕೆ ಅಲ್ಲಿನ ಮನೆಗಳ ಮುಂದೆ ಬಟ್ಟೆಯ ಗೆಂಡೆಮೀನುಗಳು ಗಾಳಿ ತುಂಬಿಕೊಂಡು ಹಾರಾಡುವುದು ಇದೇ ನಂಟಿನಿಂದ.

1996ರ ಫೆಬ್ರುವರಿಯಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಪೊಕೆಮಾನ್ ವಿಡಿಯೋ ಆಟದಲ್ಲಿ ‘ಮ್ಯಾಜಿಕಾರ್ಪ್’ ಎಂಬ ಮೀನಿದೆ. ಮೊದಮೊದಲು ಅದಕ್ಕೆ ಬರುವ ವಿದ್ಯೆ ಒಂದೇ, ನೀರಿನಲ್ಲಿ ಸುಮ್ಮನೆ ಪಟಪಟನೆ ಬಡಿದುಕೊಳ್ಳುವುದು! ತಾಳ್ಮೆಯಿಂದ ಸಾಕಿ 20ನೆಯ ಮಟ್ಟ ಮುಟ್ಟಿಸಿದರೆ ಅದೇ ಗ್ಯಾರಡಾಸ್ ಆಗುತ್ತದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾರ್ಡುಗಳು ಬಂದವು. 1999ರಲ್ಲಿ ಇಂಗ್ಲಿಷ್ ಆವೃತ್ತಿ. ಮೊದಲ ಕಂತಿನಲ್ಲಿ ಮೀನಿಗೆ ಇದ್ದದ್ದು 30 ಅಂಕಗಳ ಜೀವ, ಮಿತ್ಸುಹಿರೊ ಅರಿತ ಚಿತ್ರಿಸಿದ ಗ್ಯಾರಡಾಸ್‌ಗೆ 100.

ಹಾಗಾದರೆ ಕೆಂಪು ಬಣ್ಣ? 1999ರ ನವೆಂಬರಿನಲ್ಲಿ ಬಂದ ಮುಂದಿನ ವಿಡಿಯೋ ಆಟದಲ್ಲಿ ದುಷ್ಟಕೂಟವೊಂದು ರೇಡಿಯೋ ಅಲೆಗಳಿಂದ ಕೆರೆಯ ಮೀನುಗಳನ್ನು ಬಲವಂತವಾಗಿ ಬೆಳೆಸುತ್ತದೆ. ನೀಲಿ ಇರಬೇಕಾದ ಗ್ಯಾರಡಾಸ್ ಅಲ್ಲಿ ಕೆಂಪಾಗಿ, ಸಿಟ್ಟಿನಿಂದ ಕೆರೆ ಕಲಕುತ್ತಿರುತ್ತದೆ. ಆ ಆಟದಲ್ಲಿ ಬೇರೆ ಬಣ್ಣದ ಜೀವಿ ತಾನಾಗಿ ಎದುರಾಗುವ ಸಂಭವ 8,192ಕ್ಕೆ ಒಂದು. ಈ ಕೆಂಪು ಪ್ರಾಣಿಯೇ ‘ಶೈನಿಂಗ್’ ಕಾರ್ಡಾಯಿತು. ಹಿಂದಿನ ಹೊಳೆಯುವ ಕಾರ್ಡುಗಳಲ್ಲಿ ಚಿತ್ರದ ಹಿನ್ನೆಲೆ ಮಿಂಚುತ್ತಿತ್ತು. ಇದರಲ್ಲಿ ಪ್ರಾಣಿಯ ಮೈಯೇ ಮಿಂಚುತ್ತದೆ. ಆಟಗಾರನ 60 ಕಾರ್ಡುಗಳ ಕಟ್ಟಿನಲ್ಲಿ ಒಂದೇ ಹೆಸರಿನ ಕಾರ್ಡು ಸಾಮಾನ್ಯವಾಗಿ ನಾಲ್ಕರವರೆಗೆ ಇರಬಹುದು. ಇದು ಒಂದೇ ಇರಬೇಕೆಂದು ನಿಯಮ.

ಕಥೆಯ ಮೀನು ಈಜಿ ಗೆದ್ದಿತು. ಕಾರ್ಡಿನ ಮೀನು ಸಿಗುವುದು ಅದೃಷ್ಟದಿಂದ. ಮುಚ್ಚಿದ ಪೊಟ್ಟಣದಲ್ಲಿದ್ದ 11 ಕಾರ್ಡುಗಳಲ್ಲಿ ಅಪರೂಪದ್ದು ಸಾಮಾನ್ಯವಾಗಿ ಒಂದೇ. ಅದು ಯಾವುದೆಂದು ಹರಿದು ನೋಡುವವರೆಗೆ ತಿಳಿಯದು. ಇದು ಜೂಜೇ ಅಲ್ಲವೇ ಎಂದು ಅಮೆರಿಕದ ಕೆಲವು ಪೋಷಕರು 1999ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ್ದರು. ತರಗತಿಗಳಲ್ಲಿ ಜಗಳ ಹೆಚ್ಚಿ ಅನೇಕ ಶಾಲೆಗಳು ಕಾರ್ಡು ತರುವುದನ್ನೇ ನಿಷೇಧಿಸಿದವು. ಅವುಗಳ ಆತಂಕ ಅಸಹಜವೇನಲ್ಲ.

ಅಂದಿನ ಮಕ್ಕಳು ಬೆಳೆದು, ಸ್ವಂತ ಸಂಬಳದಿಂದ ಅದೇ ಕಾರ್ಡುಗಳನ್ನು ಕೊಳ್ಳತೊಡಗಿದ ಮೇಲೆ ಬೆಲೆ ಏರಿತು. ಮೂಲೆ ಸವೆದಿದೆಯೇ, ಗೀರು ಬಿದ್ದಿದೆಯೇ ಎಂದು ಪರೀಕ್ಷಿಸಿ, 1ರಿಂದ 10ರವರೆಗೆ ಅಂಕ ಕೊಟ್ಟು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಕೊಡುವ ಸಂಸ್ಥೆಗಳೂ ಇವೆ. ಶಾಲೆಯ ಜಗಲಿಯಲ್ಲಿ ಆಡಿ ಮಾಸಿದ ಗ್ಯಾರಡಾಸ್‌ಗೆ ಅಲ್ಲಿ ಕಡಿಮೆ ಅಂಕ. ಒಮ್ಮೆಯೂ ಆಟಕ್ಕಿಳಿಯದೆ ಡಬ್ಬಿಯಲ್ಲೇ ಉಳಿದದ್ದಕ್ಕೆ ಹತ್ತಕ್ಕೆ ಹತ್ತು.