ದುರ್ಗದಬೈಲಿನ ಮಗ್ಗುಲಲ್ಲಿ ಲಿಪಿಯಿಲ್ಲದ ಮನೆಮಾತು: ಸಾವಜಿ ಭಾಷೆ

ಹುಬ್ಬಳ್ಳಿಯ ದುರ್ಗದಬೈಲ್ ಎಂದೊಡನೆ ಸಂಜೆಯ ಗಿರಮಿಟ್, ಮಿರ್ಚಿ ಗಾಡಿಗಳು ಹಾಗೂ ಪೇಟೆಯ ಜನಜಂಗುಳಿ ನೆನಪಾಗುತ್ತವೆ. ಸವಣೂರು ನವಾಬ ಮಜೀದ್ ಖಾನನ ಕಾಲದಲ್ಲಿ ಬಸಪ್ಪ ಶೆಟ್ಟರ್ ಎಂಬ ವರ್ತಕ ಕಟ್ಟಿಸಿದ ಹೊಸ ಹುಬ್ಬಳ್ಳಿಯ ಕೋಟೆ ಇದ್ದುದು ಇಲ್ಲಿಯೇ. ಇದಕ್ಕೆ ಹೊಂದಿಕೊಂಡಿರುವ ದಾಜಿಬಾನಪೇಟೆಯ ಓಣಿಗಳಲ್ಲಿ ಕನ್ನಡವೂ ಅಲ್ಲದ, ಮರಾಠಿಯೂ ಅಲ್ಲದ ಮಾತೊಂದು ಕಿವಿಗೆ ಬೀಳುತ್ತದೆ. ಅದೇ ಸಾವಜಿ ಭಾಷೆ. ಪಟ್ಟೇಗಾರ ಭಾಷೆ, ಖತ್ರಿ ಭಾಷೆ ಎಂಬ ಹೆಸರುಗಳೂ ಇದಕ್ಕುಂಟು.

ಇದನ್ನು ಆಡುವವರು ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ (ಎಸ್‌.ಎಸ್‌.ಕೆ.) ಸಮಾಜದವರು. ಮಾಹಿಷ್ಮತಿಯ ಕಾರ್ತವೀರ್ಯಾರ್ಜುನನೇ ತಮ್ಮ ಮೂಲಪುರುಷನೆಂದೂ, ಹಿರಿಯರು ನರ್ಮದಾ ತೀರದಿಂದ ಮಹಾರಾಷ್ಟ್ರದ ಮಾರ್ಗವಾಗಿ ಇತ್ತ ಬಂದರೆಂದೂ ಸಮಾಜದ ನಂಬಿಕೆ. ಕುಲಕಸುಬು ರೇಷ್ಮೆ ನೇಯ್ಗೆ. ಹುಬ್ಬಳ್ಳಿಯಲ್ಲದೆ ಗದಗ-ಬೆಟಗೇರಿ, ಗಜೇಂದ್ರಗಡ, ಗುಳೇದಗುಡ್ಡ, ಇಳಕಲ್ಲ, ಸೊಲ್ಲಾಪುರಗಳಲ್ಲಿ ಇವರು ನೆಲೆಸಿದ್ದಾರೆ. ಮಗ್ಗದ ಸದ್ದು ಇದ್ದ ಊರುಗಳಿವು ಎಂಬುದು ಗಮನಾರ್ಹ.

ಸಾವಜಿ ಇಂಡೋ-ಆರ್ಯನ್ ಕುಟುಂಬದ ಭಾಷೆ. ಗುಜರಾತಿ, ರಾಜಸ್ಥಾನಿ, ಮರಾಠಿಗಳ ಛಾಯೆ ಇದರಲ್ಲಿದ್ದು, ಶತಮಾನಗಳ ಒಡನಾಟದಿಂದ ಕನ್ನಡದ ಶಬ್ದಗಳೂ ಬೆರೆತಿವೆ. ಸ್ವಂತ ಲಿಪಿಯಿಲ್ಲ, ಬರೆಯುವ ಪ್ರಸಂಗ ಬಂದರೆ ಇಲ್ಲಿನವರಿಗೆ ಕನ್ನಡ ಲಿಪಿಯೇ ಆಸರೆ. ದಕ್ಷಿಣದ ರೇಷ್ಮೆ ನೇಕಾರರ ‘ಪಟನೂಲಿ’ಯನ್ನು ಜಾರ್ಜ್ ಗ್ರಿಯರ್ಸನ್ 1908ರ ತಮ್ಮ ಭಾಷಾ ಸಮೀಕ್ಷೆಯ ಸಂಪುಟದಲ್ಲಿ ಗುಜರಾತಿಯಡಿ ಸೇರಿಸಿದ್ದರು.

ಮದುರೈನ ನೇಕಾರರ ಸೌರಾಷ್ಟ್ರ ಭಾಷೆಯೊಡನೆ ಹೋಲಿಸಿದರೆ ಸಾವಜಿಯ ಸ್ಥಿತಿ ತಿಳಿಯುತ್ತದೆ. ಸೌರಾಷ್ಟ್ರಕ್ಕೆ ಪ್ರತ್ಯೇಕ ಲಿಪಿಯಿದೆ, ಅದು 2008ರಲ್ಲಿ ಯುನಿಕೋಡ್‌ಗೂ ಸೇರಿತು. 2011ರ ಜನಗಣತಿಯಲ್ಲಿ ಗುಜರಾತಿಯಡಿಯಲ್ಲಾದರೂ ಅದನ್ನಾಡುವ ಸುಮಾರು 2.47 ಲಕ್ಷ ಜನರ ಲೆಕ್ಕ ದೊರೆಯುತ್ತದೆ. ಅದೇ ಗಣತಿಯ 121 ಭಾಷೆಗಳ ಪಟ್ಟಿಯಲ್ಲಿ ಸಾವಜಿಯ ಹೆಸರಿಲ್ಲ. ಹೆಸರಿಲ್ಲದ ಭಾಷೆಗೆ ಪಠ್ಯಪುಸ್ತಕವನ್ನಾಗಲಿ ಅಕಾಡೆಮಿಯನ್ನಾಗಲಿ ಕೇಳುವುದಾದರೂ ಹೇಗೆ?

ಮಕ್ಕಳು ಆಡುತ್ತಿದ್ದರೂ ಬಳಕೆ ಮನೆಯಂಥ ಕೆಲವೇ ಕಡೆಗಳಿಗೆ ಸೀಮಿತವಾದ ಭಾಷೆಯನ್ನು ಯುನೆಸ್ಕೊ ‘ದುರ್ಬಲ’ವೆಂದು ಗುರುತಿಸುತ್ತದೆ. ಮಕ್ಕಳು ಅದನ್ನು ಮನೆಮಾತಾಗಿ ಕಲಿಯುವುದನ್ನೇ ಬಿಟ್ಟರೆ ಅದು ‘ನಿಶ್ಚಿತವಾಗಿ ಅಪಾಯದಲ್ಲಿರುವ’ ಭಾಷೆ. ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ವ್ಯಾಪಾರದಲ್ಲಿ ಕನ್ನಡ ಮತ್ತು ಹಿಂದಿ ಆಡುವ ಸಾವಜಿ ಮನೆಗಳಲ್ಲಿ ಈ ಎರಡರ ನಡುವಿನ ಗೆರೆ ಬಹಳ ತೆಳುವಾದುದು. ಅಜ್ಜಿ ಸಾವಜಿಯಲ್ಲಿ ಕೇಳಿದ್ದಕ್ಕೆ ಮೊಮ್ಮಗ ಕನ್ನಡದಲ್ಲಿ ಉತ್ತರಿಸತೊಡಗಿದರೆ ಆ ಗೆರೆ ದಾಟಿದಂತೆಯೇ. ಕೈಮಗ್ಗ ಬಿಟ್ಟ ಮನೆಗಳಲ್ಲಿ ಲಾಳಿ, ಹಾಸು, ಹೊಕ್ಕುಗಳಿಗೆ ಹಿರಿಯರು ಬಳಸುತ್ತಿದ್ದ ಸಾವಜಿ ಶಬ್ದಗಳಿಗೂ ಕೆಲಸವಿಲ್ಲ.

ದಾಜಿಬಾನಪೇಟೆಯ ತುಳಜಾಭವಾನಿ ದೇವಸ್ಥಾನ, ನವರಾತ್ರಿ, ಮದುವೆ ಮನೆಗಳು ಈ ಮಾತಿಗೆ ಉಳಿದಿರುವ ಸಾರ್ವಜನಿಕ ನೆಲೆಗಳು. ವಿಚಿತ್ರವೆಂದರೆ ‘ಸಾವಜಿ’ ಎಂಬ ಶಬ್ದ ಉತ್ತರ ಕರ್ನಾಟಕಕ್ಕೆಲ್ಲ ಪರಿಚಿತ. ಊರೂರಿನ ಖಾನಾವಳಿಗಳ ಫಲಕಗಳ ಮೇಲೆ ಅದು ದಪ್ಪಕ್ಷರದಲ್ಲಿದೆ, ಖೀಮಾ ಉಂಡೆಯ ಖಾರದಿಂದ ಹೆಸರಾಗಿದೆ. ಅದೊಂದು ಭಾಷೆಯ ಹೆಸರೂ ಹೌದೆಂಬುದು ಅಲ್ಲಿ ಊಟಕ್ಕೆ ಕುಳಿತವರಲ್ಲಿ ಎಷ್ಟೋ ಜನರಿಗೆ ತಿಳಿದಿರಲಾರದು.