ಅನುಪಲಬ್ಧಿಯೂ ಪ್ರಯೋಗವೂ

ಉತ್ತರಕನ್ನಡದ ಮುಂಡಗೋಡದ ಬಳಿ ಟಿಬೆಟನ್ ಕಾಲೊನಿ ನೆಲೆಗೊಂಡುದು 1966ರಲ್ಲಿ. ಲ್ಹಾಸಾದ ಸಮೀಪದಲ್ಲಿ 1409ರಲ್ಲಿ ಸ್ಥಾಪಿತವಾದ ಗಾಂಡೆನ್, 1416ರಲ್ಲಿ ಸ್ಥಾಪಿತವಾದ ಡ್ರೆಪುಂಗ್ ಎಂಬ ಎರಡು ಮಹಾವಿಹಾರಗಳು ತರುವಾಯ ಇಲ್ಲಿ ಮತ್ತೆ ತಲೆಯೆತ್ತಿದುವು. ಅವುಗಳ ಅಂಗಳದಲ್ಲಿ ಭಿಕ್ಷುಗಳು ಇಂದಿಗೂ ಚಪ್ಪಾಳೆ ತಟ್ಟಿ ವಾದಿಸುವ ವಿಷಯಗಳಲ್ಲಿ ಏಳನೆಯ ಶತಮಾನದ ಧರ್ಮಕೀರ್ತಿಯ ಪ್ರಮಾಣಶಾಸ್ತ್ರವೂ ಒಂದು. ಭಾರತದಲ್ಲಿ ಹುಟ್ಟಿ, ಹಿಮಾಲಯವನ್ನು ದಾಟಿ, ಮರಳಿ ಕನ್ನಡನಾಡನ್ನು ಸೇರಿದ ವಿದ್ಯೆಯಿದು.

ಆ ಶಾಸ್ತ್ರದಲ್ಲಿ ಅನುಪಲಬ್ಧಿಯೆಂಬ ಹೇತುವೊಂದುಂಟು. ಗಡಿಗೆ ಕಾಣಲಿಲ್ಲ, ಆದಕಾರಣ ಇಲ್ಲಿ ಗಡಿಗೆಯಿಲ್ಲ. ಧರ್ಮಕೀರ್ತಿ ಇಷ್ಟಕ್ಕೇ ಒಪ್ಪುವವನಲ್ಲ. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತು ಕಾಣದಿದ್ದಾಗ ಮಾತ್ರ ಅದರ ಅಭಾವವು ಸಿದ್ಧಿಸುವುದು. ಕಣ್ಣಿಗೆಟುಕದ ಪಿಶಾಚವು ಕಾಣಲಿಲ್ಲವೆಂದು ಅದು ಇಲ್ಲವೆನ್ನಲಾಗದು. ಪ್ರಯೋಗಗಳ ಗುಣವನ್ನು ಅಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಒರೆಗಲ್ಲನ್ನು ನಾನರಿಯೆ.

2013ರ ಜನವರಿಯಲ್ಲಿ ದಲೈ ಲಾಮಾ ಅವರೂ ಪಾಶ್ಚಾತ್ಯ ವಿಜ್ಞಾನಿಗಳೂ ಡ್ರೆಪುಂಗಿನಲ್ಲಿ ಆರು ದಿನ ಕುಳಿತು ಚರ್ಚಿಸಿದರು. ಇಂತಹ ಸಂವಾದಗಳ ಪರಂಪರೆಗೆ ಸೇರಿದ ಒಂದು ಶೋಧನೆಯನ್ನು ಆ ಒರೆಗಲ್ಲಿಗೆ ಹಚ್ಚಿ ನೋಡಬಹುದು.

ಕೆಲವು ಸಾಧಕರು ಮರಣಾನಂತರವೂ ದಿನಗಟ್ಟಲೆ ಧ್ಯಾನದಲ್ಲಿರುವರೆಂದೂ, ಅವರ ದೇಹವು ಬೇಗ ಕೆಡದೆಂದೂ ಟಿಬೆಟನ್ನರ ನಂಬುಗೆ. ಈ ಸ್ಥಿತಿಗೆ ತುಕ್‌ದಮ್ ಎಂದು ಹೆಸರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದವರು ಭಾರತದಲ್ಲಿಯೇ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂತಹ 13 ಮಂದಿಯ ತಲೆಗೆ ವಿದ್ಯುದಗ್ರಗಳನ್ನಿಟ್ಟು, ಕಿವಿಗೆ ಶಬ್ದಗಳನ್ನೂಡಿ ಪರೀಕ್ಷಿಸಲಾಯಿತು. ಒಬ್ಬರಲ್ಲಿಯೂ ಮಿದುಳಿನ ಅಲೆ ಕಾಣಲಿಲ್ಲ. ಹಾಗಾದರೆ ಉಪಕರಣವೇ ಕುರುಡಾಗಿದ್ದಿತೋ? ಅಲ್ಲ, ಅದೇ ಏರ್ಪಾಡು ಬದುಕಿರುವ ಆರೋಗ್ಯವಂತರಲ್ಲಿ ಅಲೆಗಳನ್ನು ಸ್ಪಷ್ಟವಾಗಿ ತೋರಿಸಿತ್ತು. ಈ ಒಂದು ಎಚ್ಚರಿಕೆಯಿಂದಲೇ ಆ ಪ್ರಯೋಗಕ್ಕೆ ಬೆಲೆ ಬಂದಿತು. ಜೀವಂತರ ಪರೀಕ್ಷೆಯನ್ನು ಬಿಟ್ಟಿದ್ದರೆ ಅದು ಪಿಶಾಚವನ್ನು ಹುಡುಕಿದವನ ಕಥೆಯಾಗುತ್ತಿತ್ತು!

ಆದರೂ ಅದರ ಮಾತಿಗೆ ಮೇರೆಯುಂಟು. ಅತ್ಯಂತ ಬೇಗ ನಡೆದ ಪರೀಕ್ಷೆಯೂ ಮರಣದ 26 ಗಂಟೆಗಳ ತರುವಾಯದ್ದು. ಅದಕ್ಕೆ ಹಿಂದಿನ ಗಳಿಗೆಗಳ ವಿಚಾರದಲ್ಲಿ ಆ ಅಧ್ಯಯನವು ಮೂಕ. ಮಿದುಳಿನ ಆಳದಲ್ಲಿ ಕ್ಷೀಣವಾದ ಚಟುವಟಿಕೆಯಿದ್ದಲ್ಲಿ ಅದು ತಲೆಯ ಹೊರಗಣ ಅಗ್ರಗಳಿಗೆ ಎಟುಕಲೇಬೇಕೆಂದಿಲ್ಲ. ಇನ್ನು ದೇಹವು ನಿಧಾನವಾಗಿ ಕೆಡುವುದೇ ಎಂಬುದು ಬೇರೆಯೇ ಪ್ರಶ್ನೆ. ಅದೇ ಹವೆಯಲ್ಲಿ, ಅದೇ ಉಷ್ಣತೆಯಲ್ಲಿರಿಸಿದ ಸಾಧಾರಣ ದೇಹಗಳೊಡನೆ ಹೋಲಿಸದೆ ಅದು ತೀರ್ಮಾನವಾಗದು. ಹೋಲಿಕೆಗೆಂದು ದುಃಖದಲ್ಲಿರುವ ಬಂಧುಗಳನ್ನು ಶವಕ್ಕಾಗಿ ಬೇಡುವುದಾದರೂ ಹೇಗೆ?